ಮೊಲದ ಮೈಯಲ್ಲಿ ದನದ ಬೇನೆ

ಕಳೆದ ತಿಂಗಳು ಹುಣಸೂರಿನ ನೆಂಟರ ಮನೆಗೆ ಹೋಗಿದ್ದಾಗ ಒಂದು ಸಣ್ಣ ಗೃಹಕಲಹವನ್ನು ಕಣ್ಣಾರೆ ಕಂಡೆನು. ಮನೆಯ ಹುಡುಗನು ಮೈಸೂರಿನಿಂದ ಒಂದು ಜೊತೆ ಬಿಳಿಯ ಮೊಲಗಳನ್ನು ಕೊಂಡು ತಂದಿದ್ದನು. ಹಿತ್ತಿಲ ಕೊಟ್ಟಿಗೆಯಲ್ಲಿ ಕರೆಯುವ ಹಸುವೊಂದಿತ್ತು. ಗೂಡನ್ನು ಕೊಟ್ಟಿಗೆಯ ಮೂಲೆಯಲ್ಲಿಯೇ ಇಡಬೇಕೆಂದು ಹುಡುಗನ ಹಟ. ಕೂಡದೆಂದು ಅಜ್ಜಿಯ ಆಜ್ಞೆ. "ಒಂದರ ರೋಗ ಇನ್ನೊಂದಕ್ಕೆ ತಗುಲಿದರೆ ಯಾರು ಹೊಣೆ?" ಎಂದು ಆಕೆ ಕೇಳಿದರು. "ಹಸುವಿನ ರೋಗ ಮೊಲಕ್ಕೆ ಬರುವುದುಂಟೆ?" ಎಂದು ಅವನು ನಕ್ಕನು. ವಿಜ್ಞಾನದ ವಿಷಯ ಬರೆಯುವವನೆಂಬ ತಪ್ಪಿಗೆ ತೀರ್ಪು ಹೇಳುವ ಭಾರ ನನ್ನ ತಲೆಗೆ ಬಿತ್ತು.

ನಕ್ಕು ತೇಲಿಸಿಬಿಡುವ ಪ್ರಶ್ನೆಯಲ್ಲ ಅದು. ಅಜ್ಜಿಯ ಭಯಕ್ಕೆ ಕಾರಣವೂ ಉಂಟು. ಆಕೆಯ ತವರು ಕೃಷ್ಣರಾಜನಗರದ ಸೀಮೆಯ ಒಂದು ಹಳ್ಳಿ. ಆಕೆ ಚಿಕ್ಕ ಹುಡುಗಿಯಾಗಿದ್ದಾಗ ತಂದೆ ಚುಂಚನಕಟ್ಟೆಯ ಜಾತ್ರೆಯಲ್ಲಿ ಒಂದು ಜೊತೆ ಎತ್ತು ಹಿಡಿದು ತಂದರಂತೆ. ವಾರವೊಂದು ಕಳೆದಿರಬೇಕು. ಎತ್ತುಗಳಿಗೆ ಜ್ವರ ಬಂತು, ಕಣ್ಣಿನಿಂದ ನೀರು ಸುರಿಯಿತು, ಬಾಯೊಳಗೆ ಹುಣ್ಣೆದ್ದಿತು, ಬಳಿಕ ಭೇದಿ ಹಿಡಿಯಿತು. ಹೊಸ ಎತ್ತುಗಳ ಹಿಂದೆಯೇ ಮನೆಯ ಹಳೆಯ ದನಗಳೂ ಹೋದವು. "ಕೊಟ್ಟಿಗೆ ಗುಡಿಸುವುದಕ್ಕೆ ಏನೂ ಉಳಿಯಲಿಲ್ಲ" ಎಂದು ಆಕೆ ಇಷ್ಟೇ ಹೇಳಿದರು. ಆ ವರ್ಷ ಹೊಲ ಉತ್ತವರು ಯಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇದೇ ದೊಡ್ಡರೋಗ. ಆಂಗ್ಲರ ವೈದ್ಯಗ್ರಂಥಗಳಲ್ಲಿ ಇದರ ಹೆಸರು ರಿಂಡರ್‌ಪೆಸ್ಟ್. ಹೊಸದಾಗಿ ರೋಗ ಹೊಕ್ಕ ಮಂದೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ದನಗಳು ಸಾಯುವುದು ಅಪರೂಪವಾಗಿರಲಿಲ್ಲ. ದನಗಳು ಎಲ್ಲಿ ಸೇರುತ್ತಿದ್ದವೋ ಅಲ್ಲಿಂದಲೇ ಅದು ಹರಡುತ್ತಿತ್ತು. ಜಾತ್ರೆಗಿಂತ ದೊಡ್ಡ ಸೇರುವೆ ಯಾವುದು? ನಮ್ಮ ಈ ನಾಲ್ಕು ತಾಲ್ಲೂಕುಗಳಂತೂ ದನಗಳ ನಾಡು. ಬೆಣ್ಣೆಚಾವಡಿಯೆಂದು ಒಡೆಯರ ಕಾಲದಲ್ಲಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾದ ದನಗಳ ಇಲಾಖೆಯು 1799ರ ನಂತರ ಆಂಗ್ಲರ ಕೈಸೇರಿದಾಗ ಅದರ ಮುಖ್ಯ ಠಾಣೆಯಾಗಿದ್ದುದು ಈ ಹುಣಸೂರೇ. ಪಿರಿಯಾಪಟ್ಟಣದ ಕಡೆ ಬೆಟ್ಟದಪುರದ ಜಾತ್ರೆ. ಹೆಗ್ಗಡದೇವನಕೋಟೆಯ ಕಡೆ ಕಾಡಿನಂಚಿನ ಮೇವಿಗೆ ಹೋಗುವ ಸಾವಿರಾರು ದನ. ಬೇನೆ ಕಾಡಿಗೂ ಬಿಟ್ಟದ್ದಲ್ಲ. 1968ರ ಸುಮಾರಿನಲ್ಲಿ ಬಂಡೀಪುರ, ಮುದುಮಲೈ ಅರಣ್ಯಮಾಲೆಯ ಕಾಟಿಗಳು ಈ ರೋಗದಿಂದ ದೊಡ್ಡ ಸಂಖ್ಯೆಯಲ್ಲಿ ಸತ್ತು ಬಿದ್ದವು. ಕಾಟಿಗೂ ಹಸುವಿಗೂ ನಂಟು ಹತ್ತಿರ; ಆದುದರಿಂದ ಅದರಲ್ಲಿ ಅಚ್ಚರಿಯಿಲ್ಲ.

ಮೈಸೂರು ಸರ್ಕಾರವು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದ್ದು ಮುಖ್ಯವಾಗಿ ಈ ಒಂದು ರೋಗಕ್ಕಾಗಿಯೇ. ಮೊದಮೊದಲು ರೋಗದಿಂದ ಬದುಕಿ ಉಳಿದ ದನದ ರಕ್ತದ ತಿಳಿಯನ್ನು ಚುಚ್ಚುವುದೇ ಉಪಾಯವಾಗಿತ್ತು. ಅದರ ರಕ್ಷಣೆ ಕೆಲವು ವಾರಗಳದ್ದು. ಬಾಳಿಕೆಯ ರಕ್ಷಣೆ ಬೇಕಾದರೆ ವಿಷಾಣುವನ್ನೇ, ಅಂದರೆ ವೈರಸ್ಸನ್ನೇ, ಪಳಗಿಸಿ ದನದೊಳಗೆ ಬಿಡಬೇಕು. ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಅದನ್ನು ಆಡಿನ ಮೈಯಲ್ಲಿ ಪಳಗಿಸಿದನು. ಆಡಿನ ಲಸಿಕೆ ನಮ್ಮ ನಾಟಿ ದನಗಳಿಗೆ ಚೆನ್ನಾಗಿಯೇ ಒಗ್ಗಿತು. ಪರದೇಶದ ತಳಿಗಳಿಗೂ ಮಿಶ್ರತಳಿಗಳಿಗೂ ಉಗ್ರವಾಯಿತು. ಅಂಥವಕ್ಕೆ ಇನ್ನೂ ಸೌಮ್ಯವಾದದ್ದು ಬೇಕಾಗಿತ್ತು.

ಅದನ್ನು ಒದಗಿಸಿದ್ದು ಮೊಲ! ನಕಮುರಾ ಎಂಬ ಜಪಾನೀ ಪಶುವೈದ್ಯನು ಕೊರಿಯಾದಲ್ಲಿದ್ದಾಗ ದೊಡ್ಡರೋಗದ ವಿಷಾಣುವನ್ನು ಮೊಲದಿಂದ ಮೊಲಕ್ಕೆ, ಆ ಮೊಲದಿಂದ ಇನ್ನೊಂದಕ್ಕೆ ಹೀಗೆ ನೂರಾರು ಬಾರಿ ದಾಟಿಸುತ್ತ ಹೋದನು. 1938ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಮೊದಮೊದಲು ಮೊಲಗಳಲ್ಲಿ ರೋಗದ ಕುರುಹೇ ಕಾಣುತ್ತಿರಲಿಲ್ಲ. ದಾಟುತ್ತ ದಾಟುತ್ತ ವಿಷಾಣು ಮೊಲದಲ್ಲಿ ಜ್ವರವೆಬ್ಬಿಸುವಷ್ಟು ಬಲಿಯಿತು. ಅದೇ ವೇಳೆಗೆ ದನವನ್ನು ಕೊಲ್ಲುವ ಶಕ್ತಿಯನ್ನು ಕಳೆದುಕೊಂಡಿತು. ಅತ್ತೆಯ ಮನೆಯ ರೀತಿನೀತಿ ಕಲಿತ ಸೊಸೆ ತವರಿನ ಹಾಡು ಮರೆತಂತೆ. ಚೀನಾದೇಶದಲ್ಲಿ ಈ ಮೊಲದ ಲಸಿಕೆಯನ್ನು ಬಳಸಿದ ವಿಧಾನವಂತೂ ಕೇಳಿದವರು ನಂಬಲಾರರು. ಮಂಜುಗಡ್ಡೆಯ ಪೆಟ್ಟಿಗೆ ತಲುಪದ ಊರುಗಳಿಗೆ ಅಲ್ಲಿನ ಪಶುವೈದ್ಯರು ಬದುಕಿರುವ ಮೊಲಗಳನ್ನೇ ಹೊತ್ತು ನಡೆದರು. ವಿಷಾಣುವನ್ನು ಹೊತ್ತ ಮೊಲವೇ ಔಷಧದ ಶೀಶೆ. ಊರು ತಲುಪಿದ ಮೇಲೆ ಅದರ ಗುಲ್ಮವನ್ನೂ ದುಗ್ಧಗ್ರಂಥಿಗಳನ್ನೂ ಅರೆದು ದನಗಳಿಗೆ ಚುಚ್ಚುತ್ತಿದ್ದರು. 1950ರ ದಶಕದ ನಡುವೆ ಅಲ್ಲಿ ದೊಡ್ಡರೋಗ ನಿಂತಿತು.

ಅಂದಮೇಲೆ ಹುಡುಗನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿತು: ಹಸುವಿನ ರೋಗ ಮೊಲಕ್ಕೆ ಬರಬಲ್ಲದು. ಆದರೆ ನೂರಾರು ಬಾರಿ ಒತ್ತಾಯಿಸಬೇಕು. ಹಾಗೇಕೆ? ಕಾಟಿಗೆ ಸುಲಭವಾಗಿ ಹತ್ತಿದ್ದು ಮೊಲಕ್ಕೇಕೆ ಹತ್ತಲಿಲ್ಲ?

ಕಾರಣವಿರುವುದು ಜೀವಕೋಶದ ಬಾಗಿಲಲ್ಲಿ. ದೇಹವನ್ನು ಕಾಯುವ ಬಿಳಿಯ ರಕ್ತಕಣಗಳ ಹೊರಮೈಯಲ್ಲಿ ಸ್ಲ್ಯಾಮ್ ಎಂಬ ಒಂದು ಪ್ರೋಟೀನು ಚಾಚಿಕೊಂಡಿರುತ್ತದೆ. ಕಾವಲುಗಾರರು ತಮ್ಮತಮ್ಮೊಳಗೆ ಸಂಜ್ಞೆ ಮಾಡಿಕೊಳ್ಳಲು ಇರುವ ಸಾಧನವದು. ದಡಾರದ ವಿಷಾಣು ಮನುಷ್ಯನ ಮೈಯಲ್ಲಿ ಇದನ್ನೇ ಬೀಗವಾಗಿ ಮಾಡಿಕೊಂಡು ಕೀಲಿಕೈ ತಿರುಗಿಸಿ ಒಳಹೊಗುತ್ತದೆಂದು 2000ದಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾನಿಲಯದವರು ಕಂಡುಹಿಡಿದರು. ಮರುವರ್ಷವೇ ತಿಳಿದ ಸಂಗತಿಯೆಂದರೆ, ದನದ ದೊಡ್ಡರೋಗ, ನಾಯಿಗಳ ಡಿಸ್ಟೆಂಪರ್ ಇವುಗಳ ವಿಷಾಣುಗಳೂ ಅದೇ ಬೀಗವನ್ನು ಬಳಸುತ್ತವೆ. ಇವೆಲ್ಲ ಒಂದೇ ಮನೆತನದವು. ನಮ್ಮ ಮಕ್ಕಳ ದಡಾರವೇ ಪೂರ್ವಕಾಲದಲ್ಲಿ ದನದ ಈ ಬೇನೆಯಿಂದ ಕವಲೊಡೆದು ಬಂದದ್ದು. ಆ ಕವಲು ಕ್ರಿಸ್ತಪೂರ್ವ ಆರನೆಯ ಶತಮಾನದಷ್ಟು ಹಿಂದಿನದಾಗಿರಬಹುದೆಂದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಲೆಕ್ಕ ಹಾಕಿದೆ. ಕಾವಲುಗಾರನನ್ನೇ ಹಿಡಿದು ಕೋಟೆ ಹೊಗುವ ಈ ಯುಕ್ತಿಯಿಂದಲೇ ದಡಾರ ಬಂದ ಮಗು ಕೆಲವು ಕಾಲ ಬೇರೆ ರೋಗಗಳಿಗೂ ಸುಲಭದ ತುತ್ತಾಗುವುದು.

ಈ ಬೀಗವನ್ನು ಮಾಡಲು ಬೇಕಾದ ವಿಧಿಯೆಲ್ಲ ಬರೆದಿರುವುದು ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ. ಹಸು, ಮೊಲ, ನಾಯಿ, ಮನುಷ್ಯ ಎಲ್ಲರಲ್ಲಿಯೂ ಸ್ಲ್ಯಾಮಿನ ಜೀನು ಉಂಟು. ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಬಹುಪಾಲು ಸಮ. ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ. ಕೀಲಿಕೈ ತಾಕುವ ಎಡೆಯಲ್ಲಿ ಆ ಅಕ್ಷರ ಬದಲಾಗಿದ್ದರೆ ಬೀಗ ತೆರೆಯಲೊಲ್ಲದು. ಒಂದು ಕಾಗುಣಿತದ ತಪ್ಪು ಒಂದು ಮಂದೆಯ ಪ್ರಾಣ ಉಳಿಸುತ್ತದೆಂದರೆ, ಮಕ್ಕಳ ಕಾಗುಣಿತ ತಿದ್ದುವ ಉಪಾಧ್ಯಾಯರು ಏನೆನ್ನುವರೋ! ನಕಮುರಾನ ಮೊಲದಲ್ಲಿ ವಿಷಾಣು ತನ್ನ ಕೀಲಿಕೈಯನ್ನು ಅರವಿ ಮೊಲದ ಬೀಗಕ್ಕೆ ಹೊಂದಿಸಿಕೊಂಡಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನ ಸಂಶೋಧಕರು ಆ ಕೀಲಿಕೈಯ ಜೀನನ್ನು ಮಾತ್ರ ಬಿಡಿಸಿ ಬೇರೆ ತಳಿಗೆ ಜೋಡಿಸಿ ನೋಡಿದರು. ಮೊಲದೊಳಗೆ ಹೊಗುವುದು ಅದಕ್ಕೆ ಸಾಧ್ಯವಾಯಿತು. ಆದರೆ ಮೊಲವನ್ನು ಮಲಗಿಸಲು ಸಾಧ್ಯವಾಗಲಿಲ್ಲ. ಬಾಗಿಲು ದಾಟಿದ ಮಾತ್ರಕ್ಕೆ ಮನೆ ಸೂರೆಯಾಗದು. ಒಳಗಿನ ಕಾವಲನ್ನೂ ಗೆಲ್ಲಬೇಕು.

ಇಲ್ಲೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಮೊಲವು ಯಾರ ನೆಂಟ? ಹುಲ್ಲು ತಿನ್ನುತ್ತದೆ, ಸಾಧುಪ್ರಾಣಿ. ಹಸುವಿನ ಕಡೆಯದೆಂದು ನಾವೆಣಿಸಬಹುದು. ವಂಶವಾಹಿಗಳ ಸಾಕ್ಷ್ಯ ಬೇರೆ. ಮೊಲ, ಇಲಿ, ಅಳಿಲು, ಕೋತಿ, ಮನುಷ್ಯ ಇವರೆಲ್ಲ ಸ್ತನಿಗಳ ಒಂದು ದೊಡ್ಡ ಕವಲು. ಹಸು, ಕುದುರೆ, ನಾಯಿ, ಬಾವಲಿ ಮತ್ತೊಂದು ಕವಲು. ರಕ್ತಸಂಬಂಧದಲ್ಲಿ ಮೊಲವು ಹಸುವಿಗಿಂತ ನಮಗೇ ಹತ್ತಿರ! ಹುಡುಗನಿಗೆ ಇದನ್ನು ಹೇಳಿದಾಗ ಅಜ್ಜಿ ನನ್ನತ್ತ ನೋಡಿದ ನೋಟವನ್ನು ಮರೆಯಲಾರೆ.

ಒಳಗಿನ ಕಾವಲು ಎಂದೆನಲ್ಲವೆ? ಅದರಲ್ಲಿ ಮೊಲದ ಪದ್ಧತಿಯೇ ಬೇರೆ. ರೋಗಾಣುವನ್ನು ಹಿಡಿದುಕೊಳ್ಳುವ ಪ್ರತಿಕಾಯಗಳನ್ನು ನಮ್ಮ ರಕ್ತ ತಯಾರಿಸುತ್ತದೆಂಬುದು ಓದುಗರಿಗೆ ತಿಳಿದದ್ದೇ. ಲೋಕದಲ್ಲಿರುವ ರೋಗಾಣುಗಳು ಅಸಂಖ್ಯ. ಜೀನುಗಳು ಎಣಿಕೆಗೆ ಸಿಗುವಷ್ಟು. ಹಾಗಿರುವಾಗ ಇಷ್ಟೊಂದು ಬಗೆಯ ಪ್ರತಿಕಾಯಗಳು ಹೇಗೆ ಆಗುತ್ತವೆ? ಮನುಷ್ಯನ ದೇಹ ಸುಮಾರು ನಲವತ್ತು ಮೂಲ ತುಣುಕುಗಳಲ್ಲಿ ಬೇಕಾದದ್ದನ್ನು ಆಯ್ದು, ಇನ್ನೆರಡು ಬಗೆಯ ತುಣುಕುಗಳೊಡನೆ ಇಸ್ಪೀಟು ಎಲೆಗಳಂತೆ ಕಲಸಿ ಜೋಡಿಸುತ್ತದೆ. ಮೊಲದಲ್ಲಿಯೂ ಅಂಥ ತುಣುಕುಗಳು ನೂರಾರು ಇವೆ. ಆದರೆ ನೂರಕ್ಕೆ ಎಂಬತ್ತು ತೊಂಬತ್ತರಷ್ಟು ಕೋಶಗಳಲ್ಲಿ ಅದು ತೆಗೆದುಕೊಳ್ಳುವುದು ಒಂದೇ ತುಣುಕನ್ನು! ಇದೇನು ಜಿಪುಣತನವೆಂದರೆ, ಅದರ ಜಾಣತನ ಆಮೇಲೆ ಕಾಣುತ್ತದೆ. ಉಳಿದ ತುಣುಕುಗಳಿಂದ ಒಂದೊಂದು ಪದವನ್ನು ನಕಲು ಮಾಡಿ ಆ ಒಂದೇ ತುಣುಕಿನೊಳಗೆ ತುಂಬುತ್ತ ಹೋಗುತ್ತದೆ. ಒಂದೇ ಸೀರೆಗೆ ನೂರು ಬಗೆಯ ತೇಪೆ. ಕೋಳಿಗಳೂ ಈ ಪದ್ಧತಿಯನ್ನೇ ಅನುಸರಿಸುತ್ತವೆ.

ಈ ಹೊಲಿಗೆ ನಡೆಯುವ ಸ್ಥಳ ಯಾವುದು ಗೊತ್ತೆ? ಅಪೆಂಡಿಕ್ಸು! ನಮ್ಮಲ್ಲಿ ನೋವು ಬಂದರೆ ಶಸ್ತ್ರವೈದ್ಯರು ಕತ್ತರಿಸಿ ಎಸೆಯುವ ಆ ಕರುಳಿನ ಬಾಲವು ಮೊಲದಲ್ಲಿ ದಪ್ಪನಾಗಿ ಬೆಳೆದು, ಮರಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಪ್ರತಿಕಾಯಗಳ ಪಾಠಶಾಲೆಯಾಗಿ ಕೆಲಸ ಮಾಡುತ್ತದೆ. ಅಲ್ಲಿ ಉಪಾಧ್ಯಾಯರು ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಗಳು. ಅವು ಒಳಬಾರದಂತೆ ತಡೆದು ನೋಡಿದಾಗ ಆ ಶಾಲೆಯಲ್ಲಿ ಪಾಠವೇ ನಡೆಯಲಿಲ್ಲ. ಇನ್ನೊಂದು ವ್ಯತ್ಯಾಸವುಂಟು. ರಕ್ತದಲ್ಲಿ ಹರಿಯುವ ಐ.ಜಿ.ಜಿ. ಎಂಬ ಪ್ರತಿಕಾಯದಲ್ಲಿ ಮನುಷ್ಯನಿಗೆ ನಾಲ್ಕು ಉಪಜಾತಿ, ದನಕ್ಕೆ ಮೂರು, ಮೊಲಕ್ಕೆ ಒಂದೇ ಒಂದು. ಆದರೆ ಕರುಳು, ಮೂಗು, ಎದೆಹಾಲು ಇವುಗಳನ್ನು ಕಾಯುವ ಐ.ಜಿ.ಎ. ಎಂಬುದರ ಜೀನುಗಳು ಮನುಷ್ಯನಿಗೆ ಎರಡಾದರೆ ಮೊಲಕ್ಕೆ ಹದಿಮೂರಕ್ಕೂ ಮೇಲು. ಒಂದು ಕಡೆ ಬಡತನ, ಇನ್ನೊಂದು ಕಡೆ ಸಿರಿ. ಬಿಲದ ಕತ್ತಲಲ್ಲಿ ಒತ್ತೊತ್ತಾಗಿ ಬದುಕುವ ಪ್ರಾಣಿ ಬಾಗಿಲಿನ ಕಾವಲಿಗೇ ಹೆಚ್ಚು ಜನರನ್ನು ನೇಮಿಸಿತೋ ಏನೋ. ಇದು ನನ್ನ ಊಹೆಯಷ್ಟೆ.

ಮೊಲದ ಈ ತೇಪೆಯ ಪ್ರತಿಕಾಯಗಳು ಗುರಿಯನ್ನು ಬಹಳ ಬಿಗಿಯಾಗಿ ಹಿಡಿಯುತ್ತವೆ. ಅದಕ್ಕಾಗಿಯೇ ರೋಗಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಇವತ್ತಿಗೂ ಮೊಲದ ಪ್ರತಿಕಾಯಕ್ಕೆ ಮರ್ಯಾದೆ. ಹುಚ್ಚುನಾಯಿ ಕಚ್ಚಿದವರನ್ನು ಕೂನೂರಿಗೆ ಕರೆದೊಯ್ಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಆ ಚಿಕಿತ್ಸೆಯ ಮೂಲದಲ್ಲಿದ್ದುದೂ ಮೊಲವೇ: ಪಾಶ್ಚರ್ ಮಹಾಶಯನು 1885ರಲ್ಲಿ ಬಳಸಿದ ಮದ್ದು ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ್ದು.

ಜೀನಿನ ಹೋಲಿಕೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಆಸ್ಟ್ರೇಲಿಯದ ಕಥೆಯನ್ನು ಹೇಳಬೇಕು. 1859ರಲ್ಲಿ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ಮೋಜಿಗಾಗಿ ಇಂಗ್ಲೆಂಡಿನಿಂದ ಮೊಲಗಳನ್ನು ತರಿಸಿ ಬಿಟ್ಟನು. ಅವು ಕೋಟಿಗಟ್ಟಲೆಯಾಗಿ ಹೆಚ್ಚಿ ಕುರಿಗಳ ಹುಲ್ಲನ್ನೆಲ್ಲ ತಿಂದು ಭೂಮಿಯನ್ನು ಬರಿದು ಮಾಡಿದವು. ದಕ್ಷಿಣ ಅಮೆರಿಕದ ಕಾಡುಮೊಲಗಳಲ್ಲಿ ಸಣ್ಣ ಗಂಟೊಂದನ್ನು ಮಾತ್ರ ಎಬ್ಬಿಸಿ ಸುಮ್ಮನಿರುವ ಮಿಕ್ಸೋಮ ಎಂಬ ವಿಷಾಣುವನ್ನು 1950ರಲ್ಲಿ ಆಸ್ಟ್ರೇಲಿಯದವರು ಬೇಕೆಂದೇ ಹರಡಿದರು. ಸೊಳ್ಳೆಗಳು ಅದನ್ನು ಹೊತ್ತವು. ಸಾವಿರ ಮೊಲಗಳಿಗೆ ರೋಗ ತಗುಲಿದರೆ ಬದುಕುತ್ತಿದ್ದುದು ಎರಡೇ. ಇದು ಮನುಷ್ಯರಿಗೂ ತಗುಲುವುದೆಂದು ಜನ ಗಾಬರಿಯಾದಾಗ ಫೆನ್ನರ್, ಬರ್ನೆಟ್, ಕ್ಲೂನೀಸ್ ರಾಸ್ ಎಂಬ ಮೂವರು ವಿಜ್ಞಾನಿಗಳು ತಮ್ಮ ಮೈಗೇ ಅದನ್ನು ಚುಚ್ಚಿಕೊಂಡು ತೋರಿಸಿದರು. ಅವರಿಗೆ ಏನೂ ಆಗಲಿಲ್ಲ.

ಮೊಲಗಳು ನಿರ್ನಾಮವಾಗಲಿಲ್ಲ. ಉಳಿದವುಗಳ ಮರಿಗಳು ಗಟ್ಟಿಗವಾದವು. ಏಳೆಂಟು ವರ್ಷಗಳೊಳಗೆ, ಅದೇ ಪ್ರಮಾಣದ ವಿಷಾಣುವಿಗೆ ನೂರಕ್ಕೆ ತೊಂಬತ್ತು ಸಾಯುತ್ತಿದ್ದ ಕಡೆ ಇಪ್ಪತ್ತೈದರಷ್ಟೇ ಸಾಯತೊಡಗಿದವೆಂದು ಫೆನ್ನರನು ಪರೀಕ್ಷಿಸಿ ಬರೆದನು. ಗಟ್ಟಿಯಾದದ್ದು ಯಾವ ಜೀನು? ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2019ರಲ್ಲಿ, ಅದೂ ವಸ್ತುಸಂಗ್ರಹಾಲಯಗಳ ಬೀರುಗಳಲ್ಲಿ! ರೋಗ ಬರುವುದಕ್ಕಿಂತ ಮೊದಲು ಹಿಡಿದು ಒಣಗಿಸಿಟ್ಟ ಮೊಲಗಳ ಜೀನುಗಳನ್ನೂ ಇಂದಿನ ಮೊಲಗಳ ಜೀನುಗಳನ್ನೂ ಕೇಂಬ್ರಿಜ್, ಪೋರ್ಚುಗಲ್ ಮೊದಲಾದ ಕಡೆಯ ವಿಜ್ಞಾನಿಗಳು ಹೋಲಿಸಿದರು. ಹಳೆಯ ಮೊಲಗಳಲ್ಲಿ ಚಾರ್ಲ್ಸ್ ಡಾರ್ವಿನ್ನನದೂ ಒಂದಿತ್ತು. ಆಸ್ಟ್ರೇಲಿಯ, ಬ್ರಿಟನ್, ಫ್ರಾನ್ಸ್ ಮೂರೂ ದೇಶಗಳಲ್ಲಿ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದೆ, ಅವವೇ ರೋಗನಿರೋಧಕ ಜೀನುಗಳಲ್ಲಿ ಅವವೇ ಬದಲಾವಣೆಗಳು ಹೆಚ್ಚಿಕೊಂಡಿದ್ದವು. ಅವುಗಳಲ್ಲೊಂದು ಇಂಟರ್‌ಫೆರಾನಿನ ಜೀನು. ವಿಷಾಣು ಹೊಕ್ಕ ಕೋಶವು ನೆರೆಯ ಕೋಶಗಳಿಗೆ ಬಾರಿಸುವ ಎಚ್ಚರಿಕೆಯ ಗಂಟೆಯದು. ನಮ್ಮಲ್ಲಿಯೂ ಉಂಟು, ಹಸುವಿನಲ್ಲಿಯೂ ಉಂಟು. ಬದುಕಿದ ಮೊಲಗಳಲ್ಲಿ ಆ ಗಂಟೆಯ ದನಿ ಜೋರಾಗಿತ್ತು.

ಹುಡುಗನಿಗೆ ಇನ್ನೊಂದು ಯೋಚನೆ ಬಂತು. ಮೊಲ ಮರಿ ಹಾಕಿ ಹೆಚ್ಚಾದರೆ ಹೊಗೆಸೊಪ್ಪಿನ ಹೊಲದ ಕಡೆ ಬಿಟ್ಟುಬಿಡುವುದಂತೆ. ಅಲ್ಲಿ ಹೇಗೂ ಮೊಲಗಳಿವೆಯಲ್ಲ! ನಾವು ಕನ್ನಡಿಗರು ಎರಡನ್ನೂ ಒಂದೇ ಮಾತಿನಿಂದ ಕರೆಯುತ್ತೇವಾದ್ದರಿಂದ ಈ ಗೊಂದಲ. ಹುಣಸೂರಿನ ಹೊಲದಲ್ಲಿಯೂ ನಾಗರಹೊಳೆಯ ಬಯಲಿನಲ್ಲಿಯೂ ರಾತ್ರಿ ದೀಪದ ಬೆಳಕಿಗೆ ಕಣ್ಣು ಮಿನುಗಿಸುವ ಕರಿಗತ್ತಿನ ಮೊಲವೇ ಬೇರೆ, ಗೂಡಿನ ಬಿಳಿಯ ಮೊಲವೇ ಬೇರೆ. ಹೊಲದ ಮೊಲ ಬಿಲ ತೋಡುವುದಿಲ್ಲ. ಅದರ ಮರಿ ಮೈತುಂಬ ಕೂದಲಿಟ್ಟು ಕಣ್ಣುಬಿಟ್ಟೇ ಹುಟ್ಟುತ್ತದೆ. ಸಾಕುಮೊಲದ ಮರಿ ಬತ್ತಲೆ, ಕುರುಡು. ಸಾಕುಮೊಲದ ವರ್ಣತಂತುಗಳು 44, ಕಾಡುಮೊಲದ ಕುಲದಲ್ಲಿ 48. ಎರಡೂ ಅಗಲಿ ಒಂದು ಕೋಟಿ ವರ್ಷಗಳಿಗೂ ಮೇಲಾಯಿತು; ಸಂಬಂಧ ಬೆಳೆಸಲಾರವು. ಕಾವಲುಕೋಶಗಳ ಮೇಲಿರುವ ಸಿ.ಸಿ.ಆರ್.5 ಎಂಬ ಒಂದು ಜೀನಿನಲ್ಲಿ ಸಾಕುಮೊಲವು ಪಕ್ಕದ ಜೀನಿನ ತುಣುಕನ್ನು ನುಂಗಿಕೊಂಡಿದೆ. ಯುರೋಪಿನ ಕಾಡುಮೊಲಗಳಲ್ಲಿ ಆ ಜೀನು ಹಳೆಯಂತೆಯೇ ಇದೆ. ಮಿಕ್ಸೋಮ ಒಂದನ್ನು ಕೊಂದು ಇನ್ನೊಂದನ್ನು ಬಹುಕಾಲ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಕೆಲವರ ಗುಮಾನಿ. ಆದರೆ ಬಿಟ್ಟೀತೆಂದು ಎಂದೆಂದಿಗೂ ನಂಬುವಂತಿಲ್ಲ. 2018ರಲ್ಲಿ ಸ್ಪೇನಿನಲ್ಲಿ ಹೊಸ ಬಗೆಯ ಮಿಕ್ಸೋಮ ಹುಟ್ಟಿ ಅಲ್ಲಿನ ಕಾಡುಮೊಲಗಳನ್ನೂ ಹಿಡಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆನ್ನುವವರು ಇದನ್ನು ಗಮನಿಸಬೇಕು. ವಿಷಾಣು ಹಟಮಾರಿಯಲ್ಲ, ಅದು ಕೀಲಿಕೈಯನ್ನು ಅರವುತ್ತಲೇ ಇರುತ್ತದೆ.

ದೊಡ್ಡರೋಗದ ಮಾತಿಗೆ ಬರೋಣ. ಮೊಲದ ಲಸಿಕೆಯ ನಂತರ ಪ್ಲೋರೈಟ್ ಎಂಬವನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಲಸಿಕೆ ಬಂದಿತು. ಭಾರತದಲ್ಲಿ 1954ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆ ಹಳ್ಳಿಹಳ್ಳಿಯ ದನಕ್ಕೂ ಸೂಜಿ ಮುಟ್ಟಿಸಿತು. ನಮ್ಮಲ್ಲಿ ಕೊನೆಯ ರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತೆಂದು ಸಾರಲಾಯಿತು. ಸಿಡುಬಿನ ನಂತರ ಮನುಷ್ಯನು ಭೂಮಿಯಿಂದ ಅಳಿಸಿದ ಎರಡನೆಯ ರೋಗವಿದು. ಅಜ್ಜಿಗೆ ಈ ಸುದ್ದಿ ತಿಳಿದಿರಲಿಲ್ಲ. "ಹೋಯಿತೆ? ಪೂರಾ ಹೋಯಿತೆ?" ಎಂದು ಎರಡು ಸಲ ಕೇಳಿದರು.

ಅದರ ದಾಯಾದಿಗಳು ಹೋಗಿಲ್ಲವೆಂಬುದನ್ನೂ ಹೇಳಬೇಕಾಯಿತು. ಕುರಿ ಆಡುಗಳ ಹಿರೇಬೇನೆ ಇದೇ ಮನೆತನದ್ದು. 1987ರಲ್ಲಿ ತಮಿಳುನಾಡಿನಲ್ಲಿ ಕುರಿಗಳಿಗೆ ತಗುಲಿದ ಬೇನೆ ದೊಡ್ಡರೋಗವಲ್ಲ, ಇದು ಬೇರೆಯೇ ಎಂದು ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎಂ. ಎಸ್. ಶೈಲಾ ಅವರು ಪ್ರಮುಖರು. ಹಿರೇಬೇನೆ ದನದೊಳಗೂ ಹೊಗುತ್ತದೆ, ಆದರೆ ದನ ಕಾಯಿಲೆ ಬೀಳುವುದಿಲ್ಲ. ನಾಯಿಗಳ ಡಿಸ್ಟೆಂಪರ್ ಇನ್ನೊಂದು. 2018ರಲ್ಲಿ ಗುಜರಾತಿನ ಗೀರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳ ಮೈಯಲ್ಲಿ ಸಿಕ್ಕಿದ ವಿಷಾಣು ಅದೇ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯ ನಾಯಿ ರಾತ್ರಿ ಎಲ್ಲಿ ಅಲೆದು ಬರುತ್ತದೆಂದು ಯಾರಿಗೆ ಗೊತ್ತು? ಅದೇ ದಾರಿಯಲ್ಲಿ ಹುಲಿಯೂ ನಡೆಯುತ್ತದೆ.

ನನ್ನ ತೀರ್ಪು ಇಷ್ಟಾಯಿತು: ಹಸುವಿನಿಂದ ಮೊಲಕ್ಕೆ ದೊಡ್ಡರೋಗದ ಭಯವಿಲ್ಲ, ಆದರೂ ಗೂಡು ಕೊಟ್ಟಿಗೆಯಲ್ಲಿ ಬೇಡ, ಹಸು ತುಳಿದೀತು. ಮರಿಗಳನ್ನು ಹೊಲಕ್ಕೆ ಬಿಡಕೂಡದು. ಮನೆಯ ನಾಯಿಗೆ ಡಿಸ್ಟೆಂಪರಿನ ಸೂಜಿ ಹಾಕಿಸಿ ಎಷ್ಟು ದಿನವಾಯಿತೆಂದು ಕೇಳಿದೆನು. ಯಾರೂ ಉತ್ತರ ಹೇಳಲಿಲ್ಲ. ಗೂಡು ಕೊನೆಗೆ ಪಡಸಾಲೆಗೆ ಬಂತು. ಸಂಜೆ ನಾನು ಮೈಸೂರಿನ ಬಸ್ಸಿಗೆ ಹೊರಟಾಗ ಅಜ್ಜಿ ಗೂಡಿನ ಮುಂದೆ ಕುಳಿತು ಗರಿಕೆ ತಿನ್ನಿಸುತ್ತಿದ್ದರು. "ಇದರ ಹಿರಿಯರು ನಮ್ಮೂರಿಗೆ ಸ್ವಲ್ಪ ಮುಂಚೆ ಬಂದಿದ್ದರೆ ಆಗುತ್ತಿತ್ತು" ಎಂದರು.